ಅಪ್ಪನ ಗಾಡಿ, ನಾನು ಬರೆದ ಠರಾವು

ನಾನು ಇಳಕಲ್ಲಿನ ಒಂದು ಗೃಹನಿರ್ಮಾಣ ಸಂಘದ ಕಾರ್ಯದರ್ಶಿಯಾಗಿದ್ದೆ. ಸಂಬಳದ ಕೆಲಸವೇನಲ್ಲ. ಅಕ್ಷರ ದುಂಡಗಿವೆ, ಸರಕಾರಿ ಕಚೇರಿಯಲ್ಲಿದ್ದಾನೆ, ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತಾನೆ ಎಂದು ನನ್ನನ್ನು ಆರಿಸಿದ್ದರು. ನಳದ ನೀರು, ಗಟಾರು, ಬೀದಿದೀಪ ಎಂದು ಎಷ್ಟೋ ಠರಾವು ಬರೆದೆ. ಅವು ಯಾವುವೂ ಈಗ ನೆನಪಿಲ್ಲ. ಒಂದು ಮಾತ್ರ ಬಾಯಿಪಾಠವಾಗಿ ಉಳಿದಿದೆ. ಅದನ್ನು ನಾನು ಬರೆದದ್ದು ನನ್ನ ತಂದೆಯ ವಿರುದ್ಧ.

ಅಪ್ಪ ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದ. ಇಳಕಲ್ಲಿನಿಂದ ಹುನಗುಂದ, ಬಾಗಲಕೋಟೆ, ಬಾದಾಮಿ ಎಂದು ತನ್ನ ಪ್ರಾಯವನ್ನೆಲ್ಲ ಆ ರಸ್ತೆಗಳ ಮೇಲೆಯೇ ಕಳೆದವನು. ಅವ್ವ ಸೀರೆ ನೇಯುತ್ತಿದ್ದಳು. ನಮ್ಮ ಹಳೆಯ ಮನೆ ನೇಕಾರರ ಓಣಿಯಲ್ಲಿತ್ತು. ಒಳಗಿನ ಕೋಣೆಯಲ್ಲಿ ಕುಣಿ ಮಗ್ಗ. ಬೆಳಗಿನ ಚಹಾ ಕುಡಿದು ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ, ಅಪ್ಪ ಬಾದಾಮಿಗೆ ಹೋಗಿ ತಿರುಗಿ ಬಂದರೂ ಅವಳು ಅಲ್ಲೇ ಇರುತ್ತಿದ್ದಳು. ಅಪ್ಪ ಓಡಿಸುವ ಬಸ್ಸಿನಲ್ಲಿ ಅವಳು ಕೂತದ್ದು ನನಗೆ ನೆನಪಿದ್ದಂತೆ ನಾಲ್ಕು ಸಲ. ನಾಲ್ಕೂ ಸಲ ಗುಳೇದಗುಡ್ಡದ ತವರಿಗೆ. ಅಲ್ಲಿ ಅವಳ ತಂಗಿ, ನನ್ನ ಚಿಗವ್ವ, ಕುಪ್ಪಸದ ಖಣ ನೇಯುತ್ತಿದ್ದಳು. ಅಕ್ಕ ಸೀರೆ, ತಂಗಿ ಖಣ. ಇಬ್ಬರಿಗೂ ಮಗ್ಗ ಬಿಟ್ಟು ಏಳಲು ಪುರುಸೊತ್ತಿರಲಿಲ್ಲ.

ಅಪ್ಪನ ನಿವೃತ್ತಿಗೆ ಒಂದು ವರ್ಷ ಇದ್ದಾಗ ಅವ್ವನ ಕಾಲು ಹೋದವು. ಬೆನ್ನಿನ ಮೂಳೆಗೆ ಕ್ಷಯ ತಗುಲಿತ್ತು, ನಮಗೆ ತಿಳಿದದ್ದು ತಡವಾಗಿ. ಬಾಗಲಕೋಟೆಗೆ ಒಯ್ದೆವು, ಮಿರಜಿಗೆ ಒಯ್ದೆವು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಕೂತರೆ ಹದಿನೈದು ನಿಮಿಷದೊಳಗೆ ಬೆನ್ನಿನಲ್ಲಿ ಬೆಂಕಿ ಹೊತ್ತಿದಂತಾಗಿ ಮಲಗಿಸಬೇಕಾಗುತ್ತಿತ್ತು. ಅಂದಿನಿಂದ ಅವಳದು ಮಲಗಿದ ಬದುಕು.

ಅದೇ ಹೊತ್ತಿಗೆ ಹುನಗುಂದ ರಸ್ತೆಯ ಕಡೆ ಹೊಸ ಕಾಲೊನಿ ಎದ್ದಿತ್ತು. ನಾನು ದಿನಾ ಬಸ್ಸಿನಲ್ಲಿ ಹುನಗುಂದಕ್ಕೆ ಹೋಗಿ ಅಲ್ಲಿಯ ಒಂದು ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತಿದ್ದೆ. ನೌಕರರಿಗೆ ಮೊದಲ ಆದ್ಯತೆ ಇದ್ದುದರಿಂದ ಜಾಗ ನನ್ನ ಹೆಸರಿಗೆ ಸಿಕ್ಕಿತು. ಮನೆ ಕಟ್ಟಿದೆವು. ಮಗ್ಗ ಮಾರಿ ಓಣಿ ಬಿಟ್ಟು ಬಂದೆವು. ಓಣಿಯಲ್ಲಿದ್ದಾಗ ಅವ್ವನ ಮಂಚದ ಹತ್ತಿರ ದಿನಕ್ಕೆ ಹತ್ತು ಮಂದಿಯಾದರೂ ಬಂದು ಕೂತು ಹೋಗುತ್ತಿದ್ದರು. ಕಾಲೊನಿಯಲ್ಲಿ ಮನೆ ಮನೆಗೂ ಕಂಪೌಂಡು, ಕಂಪೌಂಡಿಗೆ ಗೇಟು. ಹೇಳಿ ಕಳಿಸದೆ ಯಾರೂ ಬರುವುದಿಲ್ಲ. ಅವ್ವ ಹೊಸ ಮನೆಯ ಸಿಮೆಂಟಿನ ಸೂರು ನೋಡುತ್ತ ಮಲಗಿದಳು. ಒಂದು ದಿನ ಅವಳು ನನ್ನ ಹೆಂಡತಿಯನ್ನು ಕೇಳಿದಳಂತೆ, "ಇದು ಯಾವ ಊರ ಬೇ?"

ಅಪ್ಪ ಆ ಮಾತು ಕೇಳಿಸಿಕೊಂಡನೋ ಏನೋ. ನಿವೃತ್ತಿಯಾದ ಎರಡು ತಿಂಗಳಿಗೆ ಬಾಗಲಕೋಟೆಗೆ ಹೋಗಿ ಬರುತ್ತೇನೆಂದು ಬಸ್ಸು ಹತ್ತಿದವನು, ಸಂಜೆ ಹಳೆಯ ವ್ಯಾನೊಂದನ್ನು ತಾನೇ ಓಡಿಸಿಕೊಂಡು ಬಂದ. ಯಾವುದೋ ದವಾಖಾನೆಯವರು ಹರಾಜಿಗೆ ಹಾಕಿದ್ದ, ರೋಗಿಗಳನ್ನು ಸಾಗಿಸುವ ವ್ಯಾನು. ಬಿಳಿ ಬಣ್ಣ ಹಳದಿಗೆ ತಿರುಗಿತ್ತು. ಮಗ್ಗುಲಲ್ಲಿ ಕೆಂಪು ಗುರುತು.

"ಇದನ್ನೇನ್ ಮಾಡ್ತೀಯಪ್ಪಾ?" ಎಂದೆ.

"ನಿಮ್ಮವ್ವನ್ನ ಕರ್ಕೊಂಡ್ ತಿರಗತೇನಿ," ಎಂದ. "ಮೂವತ್ತು ವರ್ಷ ಮಂದೀನ್ನ ತಿರಗಸೇನಿ. ಇಕಿ ಒಬ್ಬಾಕಿನ್ನ ಬಿಟ್ಟಿದ್ದೆ."

ಒಂದು ತಿಂಗಳು ಅವನು ಆ ವ್ಯಾನಿನೊಳಗೇ ಇದ್ದ. ಬಡಿಗನನ್ನು ಕರೆಸಿ ಕಿಟಕಿಯ ಮಟ್ಟಕ್ಕೆ ಮಂಚ ಮಾಡಿಸಿದ, ಮಲಗಿದವಳಿಗೆ ರಸ್ತೆ ಕಾಣಲಿ ಎಂದು. ಅದರ ಕೆಳಗೆ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಸೀಮೆಎಣ್ಣೆ ಸ್ಟೋವು, ನಾಲ್ಕು ಪಾತ್ರೆ. ಮೂಲೆಯಲ್ಲಿ ನಲ್ಲಿ ಕೂರಿಸಿದ ನೀರಿನ ಡ್ರಮ್ಮು. ನನ್ನ ಹೆಂಡತಿ ಅವ್ವನದೇ ಹಳೆಯ ಸೀರೆ ಹರಿದು ಪರದೆ ಹೊಲಿದಳು. ಕೆಂಪು ಗುರುತಿನ ಮೇಲೆ ಅಪ್ಪ ಎರಡು ಸಲ ನೀಲಿ ಬಣ್ಣ ಬಳಿದ. ಬಿಸಿಲಿಗೆ ನಿಂತಾಗ ಅದು ಒಳಗಿನಿಂದ ಮತ್ತೆ ಮಸುಕಾಗಿ ಮೂಡುತ್ತಿತ್ತು.

ಎಲ್ಲಕ್ಕಿಂತ ಜಾಣತನದ ಕೆಲಸವೆಂದರೆ ಹಲಗೆಯದು. ನಮ್ಮ ಮುಂಭಾಗದ ಕಟ್ಟೆ ಮತ್ತು ವ್ಯಾನಿನೊಳಗಿನ ಮಂಚ ಹೆಚ್ಚುಕಡಿಮೆ ಒಂದೇ ಎತ್ತರ. ಅಪ್ಪ ವ್ಯಾನನ್ನು ಕಂಪೌಂಡಿನೊಳಗೆ ಹಿಮ್ಮುಖವಾಗಿ ತಂದು ಕಟ್ಟೆಗೆ ತಾಗಿಸಿ ನಿಲ್ಲಿಸುತ್ತಿದ್ದ. ನಡುವೆ ಒಂದು ತೇಗದ ಹಲಗೆ. ಅವ್ವನನ್ನು ಕೌದಿಯ ಸಮೇತ ಹಲಗೆಯ ಮೇಲೆ ಜಾರಿಸಿದರೆ ಸೀದಾ ಮಂಚದ ಮೇಲೆ. ಎತ್ತಬೇಕಾಗಿಲ್ಲ, ಕುಲುಕಾಟವಿಲ್ಲ. ಅಪ್ಪ ಮತ್ತು ನನ್ನ ಹೆಂಡತಿ ಇಬ್ಬರೇ ಸಾಕು. ಆದರೆ ಅಷ್ಟು ಹೊಂದಿಸಿ ನಿಲ್ಲಿಸಲು, ಮಲಗಿಸಲು, ಬಿಗಿಯಲು ಒಂದು ತಾಸು ಬೇಕಾಗುತ್ತಿತ್ತು. ಹಾಗಾಗಿ ವ್ಯಾನು ಮನೆಯಲ್ಲೇ, ಕಟ್ಟೆಗೆ ತಾಗಿಯೇ ನಿಂತಿರಬೇಕಿತ್ತು.

ಮೊದಲ ಪ್ರಯಾಣ ಗುಳೇದಗುಡ್ಡಕ್ಕೆ. ಚಿಗವ್ವನ ಓಣಿ ಇಕ್ಕಟ್ಟು, ವ್ಯಾನು ಒಳಗೆ ಹೋಗಲಿಲ್ಲ. ಓಣಿಯ ಬಾಯಿಯಲ್ಲಿ ನಿಂತೆವು. ಚಿಗವ್ವ ಕೈಯಲ್ಲಿ ಲಾಳಿ ಹಿಡಿದೇ ಓಡಿಬಂದಳು. ವ್ಯಾನು ಹತ್ತಿ ಮಂಚದ ಪಕ್ಕ ನೆಲದ ಮೇಲೆ ಕೂತಳು. ಆಮೇಲೆ ಸುರುವಾದ ಮಾತು ಮಧ್ಯಾಹ್ನವೆಲ್ಲ ನಡೆಯಿತು. ಅಪ್ಪ ಸ್ಟೋವು ಹೊತ್ತಿಸಿ ಮೂರು ಸಲ ಚಹಾ ಮಾಡಿದ. ಅಪ್ಪ ಚಹಾ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಬಾದಾಮಿ. ಹೊಂಡದ ದಂಡೆಗೆ ವ್ಯಾನು ನಿಲ್ಲಿಸಿ ಹಿಂಬಾಗಿಲು ತೆರೆದಿಟ್ಟ. ಅವ್ವ ಮಲಗಿದಲ್ಲಿಂದಲೇ ಕೆಂಪು ಗುಡ್ಡ ನೋಡಿದಳು. "ಇಷ್ಟ್ ಹತ್ತರ ಇತ್ತೇನು ಇದು?" ಎಂದಳು. ಕೂಡಲಸಂಗಮಕ್ಕೆ ಹೋದೆವು, ನದಿಯ ಗಾಳಿಗೆ ಪರದೆ ಹಾರಾಡಿತು, ಅವಳು ಕಟ್ಟಬೇಡಿ, ಹಾರಲಿ ಎಂದಳು. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡು ತಿಂಗಳಿಗೆ ಎರಡು ಸಲವಾದರೂ ಹೊರಡುತ್ತಿದ್ದೆವು. ಎದುರು ಮನೆಯ ಹೆಣ್ಣುಮಗಳು ಒಮ್ಮೆ ತಾನೂ ಬಾದಾಮಿಗೆ ಬಂದಳು. ಅವ್ವನ ತಲೆ ಬಾಚಿ ಹೆರಳು ಹಾಕಿದಳು. "ಅವ್ವಾರ, ನಿಮ್ಮ ಪುಣ್ಯಾದಿಂದ ನಮಗೂ ದೇವರ ದರ್ಶನ ಆತ್ರಿ," ಎಂದಳು.

ಸುಳ್ಳು ಹೇಳಬಾರದು. ಆ ದಿನಗಳಲ್ಲೂ ನನಗೆ ಆ ವ್ಯಾನಿನಿಂದ ನಾಚಿಕೆಯಾಗುತ್ತಿತ್ತು. ಹುನಗುಂದದ ಬಸ್ಸಿನಲ್ಲಿ ಯಾರೋ, "ಏನ್ರಿ, ನಿಮ್ಮ ಮನೀ ಮುಂದ ದವಾಖಾನಿ ಗಾಡಿ ನಿಂತೈತಿ, ಯಾರಿಗೇನಾತ್ರಿ?" ಎಂದು ಕೇಳುತ್ತಿದ್ದರು. ಕಚೇರಿಯಲ್ಲಿ ಜೊತೆಯವರು, "ಈ ವಾರ ಸಾಹೇಬರ ಡೇರೆ ಯಾವ ಊರಾಗ?" ಎಂದು ನಗುತ್ತಿದ್ದರು. ಓಣಿಯ ನೇಕಾರಳ ಮಗ ಎಂಬುದನ್ನು ಕಳಚಿ ಇಟ್ಟು ಕಾಲೊನಿಯ ಮನುಷ್ಯನಾಗಲು ಹೊರಟವನು ನಾನು. ಇಸ್ತ್ರಿ ಅಂಗಿ ಹಾಕಿಕೊಂಡು ಗೇಟು ದಾಟುವಾಗ ಆ ವ್ಯಾನು ನನ್ನ ಬೆನ್ನ ಹಿಂದೆ ನಿಂತು ಎಲ್ಲವನ್ನೂ ಜಗತ್ತಿಗೆ ಹೇಳುತ್ತಿರುವಂತೆ ಅನಿಸುತ್ತಿತ್ತು.

ಸಂಘದ ಅಧ್ಯಕ್ಷರು ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಅವರ ಕೈಕೆಳಗೆ ದುಡಿದವರು ಈಗ ನನ್ನ ಮೇಲಿನ ಅಧಿಕಾರಿಗಳು. ಮಗನದು ಕಲ್ಲಿನ ಗಣಿ. ಗ್ರಾನೈಟ್ ಹೇರಿದ ಲಾರಿಗಳು ಕಾಲೊನಿಯ ಮೂಲೆಯಲ್ಲಿ ನಿಲ್ಲುತ್ತಿದ್ದವು. ರಸ್ತೆಯ ತುಂಬ ಎಣ್ಣೆಯ ಕಲೆ. ನಸುಕಿನಲ್ಲಿ ಅವು ಸುರುವಾದರೆ ಮನೆಯ ಪಾತ್ರೆಗಳು ನಡುಗುತ್ತಿದ್ದವು. ಅದರ ಬಗ್ಗೆ ಯಾರೂ ಒಂದು ಅರ್ಜಿ ಕೊಟ್ಟವರಲ್ಲ.

ಅಧ್ಯಕ್ಷರ ಮಗಳನ್ನು ನೋಡಲು ಬಾಗಲಕೋಟೆಯ ಕಡೆಯಿಂದ ವರನ ಮನೆಯವರು ಬಂದರು. ಅವತ್ತೇ ನಾವು ಕೂಡಲಸಂಗಮಕ್ಕೆ ಹೊರಟಿದ್ದೆವು. ಅವರ ಕಾರು ತಿರುವಿಗೆ ಬರುವುದಕ್ಕೂ ಅಪ್ಪ ವ್ಯಾನು ಗೇಟಿನಿಂದ ಹೊರಗೆ ತೆಗೆಯುವುದಕ್ಕೂ ಸರಿಹೋಯಿತು. ಕಿಟಕಿಯಲ್ಲಿ ಅವ್ವ ಮಲಗಿದ್ದು ಅವರಿಗೆ ಕಂಡಿರಬೇಕು. ಬಂದವರಲ್ಲಿ ಒಬ್ಬ ಹಿರಿಯರು ಅಧ್ಯಕ್ಷರ ಮನೆಯಲ್ಲಿ ಕೂತು, "ಯಾರೋ ಹೋಗ್ಯಾರಂತ ಕಾಣಸ್ತೈತಿ, ಹೆಣದ ಗಾಡಿ ಎದುರಾತು," ಎಂದರಂತೆ. ಆ ಸಂಬಂಧ ಕೂಡಲಿಲ್ಲ. ಯಾಕೆ ಕೂಡಲಿಲ್ಲವೋ ಯಾರಿಗೆ ಗೊತ್ತು. ಹುಡುಗನಿಗೆ ಹುಡುಗಿ ಮನಸ್ಸಿಗೆ ಬಂದಿಲ್ಲದಿರಬಹುದು, ಹುಡುಗಿಯೇ ಒಲ್ಲೆ ಅಂದಿರಬಹುದು. ಆದರೆ ಕಾಲೊನಿಯಲ್ಲಿ ಕಾರಣ ಒಂದೇ ಉಳಿಯಿತು.

ನಾಲ್ಕು ದಿನದ ಮೇಲೆ ಅಧ್ಯಕ್ಷರು ನನ್ನನ್ನು ಕರೆಸಿದರು. ಕುರ್ಚಿ ಕೊಟ್ಟರು, ಚಹಾ ಕೊಟ್ಟರು.

"ನಿಮ್ಮ ತಂದ್ಯಾರ ಬಗ್ಗೆ ನಾ ಏನೂ ಅನ್ನೂದಿಲ್ರಿ," ಎಂದರು. "ಹಿರ್ಯಾರು. ಆದ್ರ ಕಾಲೊನಿ ಅಂದಮ್ಯಾಲ ಒಂದು ಶಿಸ್ತು ಬೇಕು. ಮನೀ ಮುಂದ ಒಲಿ, ಹಾಸಿಗಿ ಇರೂ ಗಾಡಿ ನಿಂದ್ರಿಸಿದ್ರ, ನಮಗೂ ಊರೂರು ತಿರಗೂ ಮಂದಿಗೂ ಏನ್ ಫರಕ್ ಉಳೀತು?"

"ನಮ್ಮವ್ವಗ ಬ್ಯಾರೆ ಗಾಡಿ ಆಗೂದಿಲ್ಲ ಸಾಹೇಬ್ರ," ಎಂದೆ.

"ದವಾಖಾನಿಗೆ ಒಯ್ಯಾಕಂದ್ರ ನಾ ಬ್ಯಾಡ ಅಂತೇನೇನು? ನನ್ನ ಗಾಡೀನ ಕೊಡ್ತೇನಿ. ಇದು ದವಾಖಾನಿಗೆ ಹೋಗೂದಲ್ಲಲ್ರಿ. ತಿರಗಾಕ, ಮೋಜಿಗೆ."

ಲಾರಿಗಳ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದು ಅವರಿಗೆ ಗೊತ್ತಾಯಿತೇನೋ. "ಲಾರಿ ಬ್ಯಾರೆ," ಎಂದರು. "ಅದು ಉದ್ಯೋಗ. ಹತ್ತು ಮಂದಿ ಹೊಟ್ಟಿ ತುಂಬತೈತಿ." ಆಮೇಲೆ ಕಪ್ಪು ಕೆಳಗಿಡುತ್ತ ಕೇಳಿದರು, "ನಿಮ್ಮ ಬಡ್ತಿ ಕಾಗದ ಎಲ್ಲೀತನ ಬಂತ್ರಿ?"

ಅಷ್ಟೇ. ಹೆದರಿಸಲಿಲ್ಲ, ಆಸೆ ತೋರಿಸಲಿಲ್ಲ. ಬಡ್ತಿ ಎಂಬ ಶಬ್ದವನ್ನು ಚಹಾದ ಕಪ್ಪಿನ ಪಕ್ಕ ಇಟ್ಟು ಸುಮ್ಮನಾದರು. ನಾನು ಮನೆಗೆ ಬಂದು ಕರಡು ಬರೆದೆ. ಮೂರು ಸಲ ತಿದ್ದಿದೆ. ಭಾಷೆ ಗಟ್ಟಿಯಾಗಿರಲಿ ಎಂದು ತಿದ್ದಿದೆ, ಅದನ್ನೂ ಹೇಳಿಬಿಡುತ್ತೇನೆ. ಕೊನೆಗೆ ಹೀಗೆ ಬಂತು:

"ಸದಸ್ಯರು ತಮ್ಮ ನಿವೇಶನದೊಳಗಾಗಲಿ, ಕಾಲೊನಿಯ ರಸ್ತೆಯ ಮೇಲಾಗಲಿ, ಪ್ರವಾಸ ಹಾಗೂ ಮೋಜಿನ ಸಲುವಾಗಿ ಇಟ್ಟುಕೊಂಡ, ಮಲಗಲು ಮತ್ತು ಅಡಿಗೆ ಮಾಡಲು ಅನುಕೂಲವಿರುವ ಯಾವುದೇ ವಾಹನವನ್ನು ನಿಲ್ಲಿಸತಕ್ಕದ್ದಲ್ಲ. ಉದ್ಯೋಗದ ಸಲುವಾಗಿ ಇರುವ ವಾಹನಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ."

ಅಂಥ ವಾಹನ ಕಾಲೊನಿಯಲ್ಲಿ ಒಂದೇ ಇತ್ತು. ಇಳಕಲ್ಲಿನಲ್ಲೇ ಒಂದೇ ಇತ್ತು.

ಭಾನುವಾರ ಬೆಳಿಗ್ಗೆ ಶಾಲೆಯ ಒಂದು ಕೋಣೆಯಲ್ಲಿ ಸರ್ವಸದಸ್ಯರ ಸಭೆ. ಅಪ್ಪ ಸದಸ್ಯನಲ್ಲ, ಮನೆ ನನ್ನ ಹೆಸರಿನದು. ಅವನಿಗೆ ಒಳಗೆ ಬರುವ ಹಕ್ಕಿರಲಿಲ್ಲ. ಆದರೂ ಬಂದು ಹೊರಗೆ ಕಿಟಕಿಯ ಕೆಳಗಿನ ಕಲ್ಲಿನ ಮೇಲೆ ಕೂತಿದ್ದ. ಅವನ ಬಿಳಿ ಟೊಪ್ಪಿಗೆಯ ಮೇಲ್ಭಾಗ ನನಗೆ ಕಿಟಕಿಯಲ್ಲಿ ಕಾಣುತ್ತಿತ್ತು. ಮಗ ಕಾರ್ಯದರ್ಶಿ, ತನ್ನ ಪರವಾಗಿ ಎರಡು ಮಾತು ಆಡುತ್ತಾನೆ ಎಂಬ ಧೈರ್ಯದಿಂದ ಬಂದಿದ್ದ ಎಂದು ಆಮೇಲೆ ನನ್ನ ಹೆಂಡತಿ ಹೇಳಿದಳು.

ನಾನು ಠರಾವು ಓದಿದೆ. ಹಿಂದೆ ಕೂತಿದ್ದ ಒಬ್ಬ ಪ್ರಾಥಮಿಕ ಶಾಲೆಯ ಮಾಸ್ತರರು ಎದ್ದು ನಿಂತರು.

"ಇದು ಖರೆ ಅಂದ್ರ ಒಂದ ಮನೀ ಸಲುವಾಗಿ ಮಾಡಿದ ಕಾನೂನು ಆಗ್ತೈತ್ರಿ," ಎಂದರು. "ಆ ತಾಯಿ ಹೊರಗ ಹೋಗೂದು ಹೆಂಗ ಮತ್ತ? ಅಕಿಗೆ ಕುಂದ್ರಾಕ ಬರೂದಿಲ್ಲ."

ಅಧ್ಯಕ್ಷರು ಸಿಟ್ಟಾಗಲಿಲ್ಲ. ನನ್ನ ಕಡೆ ಕೈ ಮಾಡಿದರು. "ಅಕಿ ಮಗ ಇಲ್ಲೇ ಅದಾರ. ನನಗ್ಯಾಕ ಕೇಳ್ತೀರಿ? ಅವರನ್ನ ಕೇಳ್ರಿ. ಅವರಿಗೆ ತ್ರಾಸಿದ್ರ ನಾವು ಈಗಿಂದೀಗ ಬಿಟ್ಟುಬಿಡೋಣು."

ಎಲ್ಲರೂ ನನ್ನನ್ನು ನೋಡಿದರು. ಇಷ್ಟು ವರ್ಷಗಳ ನಂತರವೂ ನಾನು ಆ ಕ್ಷಣವನ್ನು ಹಿಡಿದು ಎಳೆದು ನೋಡುತ್ತೇನೆ. ಒಂದೇ ಒಂದು ಮಾತು ಸಾಕಿತ್ತು. "ತ್ರಾಸೈತ್ರಿ" ಎಂದಿದ್ದರೆ ಮುಗಿದಿತ್ತು. ಮಾಸ್ತರರು ಬಾಗಿಲು ತೆರೆದು ಹಿಡಿದಿದ್ದರು, ಅಧ್ಯಕ್ಷರೇ ಬಾಯಿ ಬಿಟ್ಟು ಬಿಡೋಣ ಎಂದಿದ್ದರು.

"ಸಂಘದ ನಿರ್ಣಯಕ್ಕ ನಮ್ಮ ಮನಿಯವರೆಲ್ಲಾ ಬದ್ಧ ಇದ್ದೇವ್ರಿ," ಎಂದೆ.

ಕೈ ಎತ್ತಲು ಹೇಳಿದರು. ಎತ್ತಿದವರಲ್ಲಿ ನಾನೂ ಒಬ್ಬ. ಎತ್ತದೆ ಇದ್ದವರು ಮಾಸ್ತರರು ಮತ್ತು ಇನ್ನಿಬ್ಬರು. ಎಣಿಸಿ ಪುಸ್ತಕದಲ್ಲಿ ಬರೆದು ತಲೆ ಎತ್ತಿದಾಗ ಕಿಟಕಿಯಲ್ಲಿ ಟೊಪ್ಪಿಗೆ ಇರಲಿಲ್ಲ.

ಆಮೇಲಿನದು ನಗೆಪಾಟಲಿನ ಕೆಲಸ. ನಿಯಮ ಮೀರಿದ ಸದಸ್ಯರಿಗೆ ಕಾರ್ಯದರ್ಶಿ ನೋಟೀಸು ಕೊಡಬೇಕು. ಸದಸ್ಯ ನಾನು, ಕಾರ್ಯದರ್ಶಿಯೂ ನಾನು. ನನಗೆ ನಾನೇ ನೋಟೀಸು ಬರೆದು, ಕೆಳಗೆ ಸಹಿ ಮಾಡಿ, ಕಾಲೊನಿಯ ಸಿಪಾಯಿಯ ಕೈಯಲ್ಲಿ ನನ್ನ ಮನೆಗೆ ಕಳಿಸಿದೆ. ನಾನು ಕಚೇರಿಯಲ್ಲಿದ್ದಾಗ ಅದು ಮುಟ್ಟಿತು. ತೆಗೆದುಕೊಂಡವನು ಅಪ್ಪ.

ಸಂಜೆ ಮನೆಗೆ ಬಂದಾಗ ವ್ಯಾನಿನ ಜಾಗ ಖಾಲಿ. ನೆಲದಲ್ಲಿ ಗಾಲಿಗಳ ಗುರುತು, ಕಟ್ಟೆಗೆ ಒರಗಿಸಿದ ಹಲಗೆ. ಅಪ್ಪ ಒಳಗೆ ಅವ್ವನ ಹತ್ತಿರ ಕೂತಿದ್ದ. ನೋಟೀಸು ಮಡಚಿ ಮೇಜಿನ ಮೇಲಿಟ್ಟಿದ್ದ.

"ನಿನ್ನ ಅಕ್ಷರ ಭಾಳ ಚಂದ ಅದಾವು," ಎಂದ. ಸಿಟ್ಟಿನಿಂದ ಹೇಳಲಿಲ್ಲ.

ಅಡಿಗೆಮನೆಯಲ್ಲಿ ನನ್ನ ಹೆಂಡತಿ ನನ್ನ ಕಡೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದಳು. ತಿರುಗದೆ ಕೇಳಿದಳು, "ಅತ್ತಿ ತಂಗೀನ್ನ ನೋಡಾಕ ಹೋಗೂದು ಮೋಜ ಅಂತ ಬರದ್ರೇನ್ರಿ?"

"ಅದು ಕಾನೂನಿನ ಭಾಷಾ," ಎಂದೆ.

"ಹೌದ್ರಿ. ನಮಗ ತಿಳೀಲಾರದ ಭಾಷಾ ಅದು," ಎಂದಳು.

ಅವ್ವನಿಗೆ ಹೇಗೆ ಹೇಳಿದರೋ ಗೊತ್ತಿಲ್ಲ. ಅವಳು ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ನಾನು ಅಧ್ಯಕ್ಷರ ಹೆಸರು ಹೇಳಿ ಬಚಾವಾಗುತ್ತಿದ್ದೆ. ಅವಳು ಆ ದಾರಿಯನ್ನೂ ಕೊಡಲಿಲ್ಲ.

ಅಪ್ಪ ವ್ಯಾನನ್ನು ಊರ ಹೊರಗೆ, ಕಲ್ಲಿಗೆ ಪಾಲಿಶ್ ಮಾಡುವ ಪರಿಚಯದವರ ಕಾರ್ಖಾನೆಯ ಬಯಲಲ್ಲಿ ನಿಲ್ಲಿಸಿದ್ದ. ಎರಡು ತಿಂಗಳ ನಂತರ ಒಂದು ಸಲ ಧೈರ್ಯ ಮಾಡಿ ತಂದ. ನಿಲ್ಲಿಸುವುದಿಲ್ಲ, ಅವ್ವನನ್ನು ಏರಿಸಿಕೊಳ್ಳುವಷ್ಟು ಹೊತ್ತು, ಒಂದು ತಾಸು. ಸಂಜೆ ಸಿಪಾಯಿ ಒಂದು ತಕರಾರು ಅರ್ಜಿ ತಂದು ಕಾರ್ಯದರ್ಶಿಯಾದ ನನ್ನ ಕೈಗೆ ಕೊಟ್ಟ. ಮೂರು ಮನೆಯವರ ಸಹಿ. ಒಂದು ಸಹಿ ಎದುರು ಮನೆಯದು, ಬಾದಾಮಿಯಲ್ಲಿ ಅವ್ವನಿಗೆ ಹೆರಳು ಹಾಕಿದವಳದು. ನಾನು ಅದನ್ನು ಜೇಬಿನಲ್ಲಿಟ್ಟುಕೊಂಡೆ. ಆದರೆ ಅಪ್ಪನಿಗೆ ಹೇಗೋ ತಿಳಿಯಿತು. ಎದುರು ಮನೆಯಾಕೆ ಮರುದಿನ ಗೇಟಿನಲ್ಲಿ ಸಿಕ್ಕು, "ನಮ್ಮ ಮನಿಯವರು ಒತ್ತಾಯ ಮಾಡಿದ್ರು, ಏನ್ ಮಾಡ್ಲಿ ಅಣ್ಣಾರ," ಎಂದು ಕಣ್ಣು ಒರೆಸಿಕೊಂಡಳು. ಅವಳ ಮೇಲೆ ಸಿಟ್ಟಾಗುವ ಯೋಗ್ಯತೆಯೂ ನನಗೆ ಉಳಿದಿರಲಿಲ್ಲ. ಅಪ್ಪ ಮತ್ತೆ ವ್ಯಾನು ತರಲಿಲ್ಲ.

ಕೆಲವು ದಿನ ಅಪ್ಪ ನಡೆದುಕೊಂಡು ಹೋಗಿ ಅದನ್ನು ಸುರು ಮಾಡಿ ನಿಲ್ಲಿಸಿ ಬರುತ್ತಿದ್ದ. ಕ್ರಮೇಣ ಅದೂ ನಿಂತಿತು. ಕಲ್ಲು ತೀಡುವ ಯಂತ್ರಗಳ ಕೆಸರು ಹಾರಿ ಗಾಜಿನ ಮೇಲೆ ಒಣಗಿ ಗಟ್ಟಿಯಾಯಿತು. ಇಲಿಗಳು ಹಾಸಿಗೆ ಕಡಿದವು.

ಮರುವರ್ಷ ಚಳಿಗಾಲದಲ್ಲಿ ಗುಳೇದಗುಡ್ಡದಿಂದ ಚಿಗವ್ವನ ಅಳಿಯ ಬಂದ. ಚಿಗವ್ವನಿಗೆ ಬಹಳ ಸೀರಿಯಸ್ಸು, ಅಕ್ಕನನ್ನು ಒಂದು ಸಲ ನೋಡಬೇಕು ಅನ್ನುತ್ತಿದ್ದಾಳೆ ಎಂದ. ಅಪ್ಪ ಚಪ್ಪಲಿ ಮೆಟ್ಟಿ ಆಗಲೇ ಹೊರಟ. ನಾನೂ ಹಿಂದೆ ಹೋದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಅಪ್ಪ ಆ ಇಂಜಿನ್ನಿನ ಮೇಲೆ ಬಗ್ಗಿ ನಿಂತಿದ್ದ. ಯಾರದೋ ಲಾರಿಯ ಬ್ಯಾಟರಿ ತಂದು ಜೋಡಿಸಿದ. ಕೂಲಿಗಳನ್ನು ಕರೆದು ನೂಕಿಸಿದ. ಒಂದೆರಡು ಸಲ ಕೆಮ್ಮಿತು, ಮತ್ತೆ ಸುಮ್ಮನಾಯಿತು. ಕೈ ಎಣ್ಣೆಯಾಗಿದ್ದವು, ಆ ಕೈಯಲ್ಲೇ ಮುಖ ಒರೆಸಿಕೊಂಡ. "ಮನ್ಯಾಗ ಇದ್ದಿದ್ರ ದಿನಾ ಸುರು ಮಾಡ್ತಿದ್ದೆ," ಎಂದ. ನನ್ನನ್ನು ನೋಡಿ ಹೇಳಲಿಲ್ಲ, ಇಂಜಿನ್ನಿಗೆ ಹೇಳಿದ.

ಬಾಡಿಗೆ ಕಾರು ತಂದೆವು. ಅವ್ವನನ್ನು ನಾಲ್ವರು ಎತ್ತಿ ಹಿಂದಿನ ಸೀಟಿನ ಮೇಲೆ ಮಲಗಿಸಿದೆವು. ಸೀಟು ಗಿಡ್ಡ. ಕಾಲು ಮಡಚಿ ಇಡಬೇಕಾಯಿತು. ತಲೆ ನನ್ನ ಹೆಂಡತಿಯ ತೊಡೆಯ ಮೇಲೆ. ಹುನಗುಂದ ದಾಟುವವರೆಗೆ ಅವ್ವ ಹಲ್ಲು ಕಚ್ಚಿ ಹಿಡಿದಿದ್ದಳು. ಅಮೀನಗಡ ಹತ್ತಿರವಾಗುವಾಗ ಅವಳ ಬಾಯಿಂದ ಬಂದ ದನಿ ನಾನು ಅದುವರೆಗೆ ಕೇಳಿರಲಿಲ್ಲ. ಡ್ರೈವರನು ತಾನಾಗಿಯೇ ಗಾಡಿ ನಿಲ್ಲಿಸಿದ. ಕರದಂಟಿನ ಅಂಗಡಿಗಳ ಎದುರು, ರಸ್ತೆಯ ಬದಿಗೆ, ಬಾಗಿಲು ತೆರೆದು ಗಾಳಿ ಹಾಕಿದೆವು. ಜನ ನೆರೆದರು.

"ಇನ್ನೊಂದು ತಾಸಿನ ದಾರಿ ಬೇ, ತಡಕೊ," ಎಂದೆ.

ಅವಳು ತಲೆ ಅಲ್ಲಾಡಿಸಿದಳು. "ಹೊಳ್ಳಸ್ರಿ ಗಾಡಿ," ಎಂದಳು. ಉಸಿರು ಸಿಕ್ಕ ಮೇಲೆ ಮತ್ತೆ ಹೇಳಿದಳು, "ಹಿಂಗ ಚೀರಕೋತ ಹೋದ್ರ ಅಕೀಗೆ ನಂದ ಚಿಂತಿ ಹತ್ತೀತು. ಅಕಿನ್ನ ಸುಮ್ಮನ ಹೋಗಗೊಡ್ರಿ."

ಗಾಡಿ ಹಿಂದಕ್ಕೆ ತಿರುಗಿಸಿದೆವು. ಅಪ್ಪ ಮಾತ್ರ ಅಲ್ಲೇ ಇಳಿದು ಬಸ್ಸು ಹಿಡಿದು ಗುಳೇದಗುಡ್ಡಕ್ಕೆ ಹೋದ. ಮೂರನೆಯ ದಿನ ಚಿಗವ್ವ ತೀರಿಕೊಂಡಳು. ಅವಳು ಅಕ್ಕನಿಗೆಂದು ಎತ್ತಿಟ್ಟಿದ್ದ ಒಂದು ಖಣವನ್ನು ಅಪ್ಪ ತಂದು ಅವ್ವನ ಕೈಗೆ ಕೊಟ್ಟ. ಅವ್ವ ಅದರ ಅಂಚನ್ನು ಬೆರಳಿನಿಂದ ತಡವಿ ನೋಡಿ, "ಕೈ ನಡಗ್ಯಾವು ಅಕಿವು," ಎಂದಳು. ನೇಕಾರಳಿಗೆ ಮಾತ್ರ ಸಿಗುವ ಗುರುತು ಅದು.

ನನ್ನ ಬಡ್ತಿಯ ಆದೇಶ ಆ ವರ್ಷವೇ ಬಂತು. ಅಧ್ಯಕ್ಷರು ಹೇಳಿದ್ದರಿಂದ ಬಂತೋ, ಸರದಿಯ ಪ್ರಕಾರ ಬರಬೇಕಾಗಿತ್ತೋ, ನಾನು ವಿಚಾರಿಸಲಿಲ್ಲ. ಸರದಿಯದೇ ಆಗಿದ್ದರೆ ಅದಕ್ಕಿಂತ ಕೆಟ್ಟ ಸುದ್ದಿ ಬೇರೊಂದಿರಲಿಲ್ಲ.

ಅಧ್ಯಕ್ಷರ ಮಗಳ ಮದುವೆಯೂ ಆಯಿತು, ಬೇರೆ ಕಡೆ, ಒಳ್ಳೆಯ ಮನೆತನ. ಬೀಗರ ಬಸ್ಸು ಬಂದು ನಮ್ಮ ರಸ್ತೆಯಲ್ಲೇ ಮೂರು ದಿನ ನಿಂತಿತು. ಅದರಲ್ಲಿ ಬಂದವರು ಅದರಲ್ಲೇ ಮಲಗಿದರು, ಅದರ ನೆರಳಿನಲ್ಲಿ ಒಲೆ ಹೂಡಿ ಚಹಾ ಕಾಸಿದರು. ಯಾರೂ ಅರ್ಜಿ ಕೊಡಲಿಲ್ಲ. ಕಾರ್ಯದರ್ಶಿ ಹಳದಿ ಪೇಟ ಸುತ್ತಿಕೊಂಡು ಬೀಗರಿಗೆ ಪಾನಕ ಹಂಚಿದ. ಮದುವೆ ಊಟ ಮುಗಿಸಿ ಬಂದ ನನ್ನನ್ನು ಹೆಂಡತಿ ಕೇಳಿದಳು, "ಆ ಬಸ್ಸು ಉದ್ಯೋಗಕ್ಕ ಬಂದದ್ದೋ, ಮೋಜಿಗೆ ಬಂದದ್ದೋ ನಿಮ್ಮ ಪುಸ್ತಕದಾಗ?"

ಮರುದಿನ ರಾಜೀನಾಮೆ ಬರೆದು ಕೊಟ್ಟೆ. ಅಧ್ಯಕ್ಷರು ಎರಡು ಸಾಲು ಓದಿ ನಕ್ಕು, "ದಣಿದೀರಿ, ಆರಾಮ ತಗೋರಿ," ಎಂದರು. ಚಿಗವ್ವ ಸತ್ತು ತಿಂಗಳುಗಳಾದ ಮೇಲೆ ಕೊಟ್ಟ ರಾಜೀನಾಮೆ. ಅದರಿಂದ ಅವರಿಗೆ ನಷ್ಟವಿಲ್ಲ, ನನಗೆ ಸಮಾಧಾನವಿಲ್ಲ. ಹೊಸ ಕಾರ್ಯದರ್ಶಿಯಾಗಲು ಆ ಮಾಸ್ತರರನ್ನು ಕೇಳಿದರಂತೆ, ಅವರು ಒಪ್ಪಲಿಲ್ಲ.

ಅವ್ವ ಇನ್ನೂ ನಾಲ್ಕು ವರ್ಷ ಇದ್ದಳು. ಒಂದು ಸಲ ನಾನು, ಸಂಘದವರನ್ನು ಕೇಳಿ ವಿಶೇಷ ಪರವಾನಗಿ ತೆಗೆದುಕೊಳ್ಳುತ್ತೇನೆ, ವ್ಯಾನು ರಿಪೇರಿ ಮಾಡಿಸೋಣ, ಬಾದಾಮಿಗೆ ಹೋಗೋಣ ಎಂದೆ. "ಬಾದಾಮಿ ನೋಡೇನಲ್ಲಪ್ಪಾ," ಎಂದಳು. "ಬ್ಯಾರೆ ಎಲ್ಲಿಗೆ ಹೋಗೂದೈತಿ?" ಅಪ್ಪ ಆ ವರ್ಷವೇ ವ್ಯಾನನ್ನು ಗುಜರಿಯವನಿಗೆ ಕೊಟ್ಟ. ಒಳಗಿನ ಮಂಚವನ್ನು ಬಿಚ್ಚಿ ತರಲಿಲ್ಲ, ಪರದೆಗಳನ್ನೂ ತರಲಿಲ್ಲ.

ಅಪ್ಪ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ನಾನು ಅವನ ಕಾಲು ಹಿಡಿಯುತ್ತಿದ್ದೆ, ಏನೋ ಒಂದು ಮುಗಿಯುತ್ತಿತ್ತು. ಅವನು ಬೇರೆಯದೇ ಒಂದು ರೀತಿ ಹಿಡಿದ. ಅವ್ವ ಹೋದ ಮೇಲೆ ಮುಂದಿನ ಅಂಗಳದಲ್ಲಿ ನುಗ್ಗೆಯ ಟೊಂಗೆಯೊಂದನ್ನು ನೆಡಲು ತಂದಿದ್ದ. ಕುಣಿ ತೋಡಿ, ಗುದ್ದಲಿ ಕೆಳಗಿಟ್ಟು, ನಾನು ಕಚೇರಿಯಿಂದ ಬರುವವರೆಗೆ ಕಟ್ಟೆಯ ಮೇಲೆ ಕಾದು ಕೂತಿದ್ದ. ನಾನು ಗೇಟು ತೆರೆಯುತ್ತಲೇ ಎದ್ದು ನಿಂತ.

"ಇದನ್ನ ಇಲ್ಲಿ ಹಚ್ಚಬಹುದೋ ಹೆಂಗ?" ಎಂದು ಕೇಳಿದ. "ಏನರ ಕಾನೂನು ಐತೇನು ನೋಡಿ ಹೇಳಪ್ಪಾ. ಬ್ಯಾಡಂದ್ರ ಮುಚ್ಚಿಬಿಡ್ತೇನಿ."

ಅದು ಕುಹಕವಾಗಿರಲಿಲ್ಲ. ನಾನು ಅವನ ಮುಖದಲ್ಲಿ ಕುಹಕವನ್ನು ಹುಡುಕಿದೆ, ಸಿಗಲಿಲ್ಲ. ಖರೇನೇ ಕೇಳುತ್ತಿದ್ದ. ಕಚೇರಿಗೆ ಬಂದ ಹಳ್ಳಿಯವರು ನನ್ನ ಮೇಜಿನ ಎದುರು ನಿಂತು ಕೇಳುವ ಹಾಗೆ, ಎರಡೂ ಕೈ ಮುಂದೆ ಜೋಡಿಸಿಕೊಂಡು.

"ಹಚ್ಚಪ್ಪಾ," ಎಂದೆ.

"ಬರ್ಕೊಂಡ್ ಇಡೂದೇನಿಲ್ಲಲ್ಲಾ?" ಎಂದು ಇನ್ನೊಮ್ಮೆ ಕೇಳಿಕೊಂಡು, ಆಮೇಲೆ ಟೊಂಗೆ ಎತ್ತಿಕೊಂಡ.